ಮಗಳ ವಾರ್ತೆ

ಮೆಕ್ಯಾನಿಕ್‌ನ ಕೈಗೆ ಸಿಕ್ಕ ಯಂತ್ರ ಕೆಡುವುದೇ ಇಲ್ಲ ಎಂದು ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ ಬಿಡಿ, ಅವನೂ ಅದನ್ನು ನಂಬಿಬಿಟ್ಟಿದ್ದ, ತೊಂದರೆ ಬಂದದ್ದೇ ಅಲ್ಲಿ. ಗಡಗಡ ಹೊಡೆದುಕೊಳ್ಳುವ ಹೊಲಿಗೆ ಯಂತ್ರಗಳ ಸಾಲಿನ ನಡುವೆ ಸುಮ್ಮನೆ ನಡೆದುಹೋಗುತ್ತಲೇ ಯಾವುದರ ಹೊಟ್ಟೆಯಲ್ಲಿ ಏನು ಸಡಿಲವಾಗಿದೆ ಎಂದು ಹೇಳುತ್ತಿದ್ದ ಆಸಾಮಿ.

ನಿವೃತ್ತಿಯಾದ ಮೇಲೆ ಅವನ ಆರೈಕೆಗೆ ಉಳಿದದ್ದು ಒಂದೇ ಯಂತ್ರ, ಮನೆಯ ಹಳೇ ಟೇಪ್ ಡೆಕ್. ಅದಕ್ಕೆ ಹಾಕಲು ಇದ್ದದ್ದೂ ಒಂದೇ ಕ್ಯಾಸೆಟ್. ಮಗಳು ಚಿಕ್ಕವಳಿದ್ದಾಗ ಶಾಲೆಗೆ ರಜೆಯಿದ್ದ ಒಂದು ದಿನ, ರೇಡಿಯೊದವರ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡು ಮನೆಯ ವಾರ್ತೆ ಓದಿದ್ದಳು, ಅದರಲ್ಲಿ ರೆಕಾರ್ಡ್ ಆಗಿದ್ದದ್ದು ಅದೇ. ಅಮ್ಮ ಹಾಲು ಉಕ್ಕಿಸಿದ್ದು, ಪಕ್ಕದ ಮನೆ ಬೆಕ್ಕು ಬಂದು ಇವರ ಹಾಸಿಗೆಯಲ್ಲಿ ಮರಿ ಹಾಕಿದ್ದು, ಹವಾಮಾನ, ಎಲ್ಲವೂ ಇತ್ತು. ಮರುವರ್ಷ ಜ್ವರ ಬಂತು, ಹೋಗಿಯೇಬಿಟ್ಟಳು. ಆಮೇಲೆ ಆ ಮನೆಯಲ್ಲಿ ಮಗು ಹುಟ್ಟಲಿಲ್ಲ. ಭಾನುವಾರ ಊಟವಾದ ಮೇಲೆ ಗಂಡಹೆಂಡತಿ ಡೆಕ್ಕಿನ ಮುಂದೆ ಕೂತು ಮಗಳ ವಾರ್ತೆ ಕೇಳುವುದು, ಅವರ ಸಂಸಾರ ಅಷ್ಟೇ ಎಂದರೂ ತಪ್ಪಿಲ್ಲ.

ಕೇಳುವ ಮೊದಲು ಡೆಕ್ಕಿಗೆ ಸೇವೆ ಆಗಲೇಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಟೇಪ್ ತಾಗುವ ಹೆಡ್ಡನ್ನು ಒರೆಸುವುದು, ರಬ್ಬರ್ ಚಕ್ರಕ್ಕೆ ಹತ್ತಿದ ಕಂದು ಮಡ್ಡಿ ತೆಗೆಯುವುದು, ಬೆಲ್ಟು ಸಡಿಲವಾಗಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡುವುದು. ಕೊನೆಗೆ ಹೆಡ್ಡಿಗೆ ಅಂಟಿಕೊಂಡಂತಿರುವ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ದನಿ ತಿಳಿಯಾಗುವ ಜಾಗದಲ್ಲಿ ನಿಲ್ಲಿಸುವುದು. ಅತ್ತೆಮನೆಗೆ ಬಂದ ಹೊಸ ಅಳಿಯನಿಗೂ ಇಷ್ಟು ಉಪಚಾರ ಇರಲಿಕ್ಕಿಲ್ಲ.

ಆದರೂ ಈಚೆಗೆ ಮಗಳ ದನಿ ಮಂಕಾಗುತ್ತಿತ್ತು, ಕಂಬಳಿ ಹೊದ್ದು ಮಾತಾಡಿದ ಹಾಗೆ. ಕೊಳೆ ಕೂತಿದೆ ಎಂದುಕೊಂಡು ಮೆಕ್ಯಾನಿಕ್ ಇನ್ನಷ್ಟು ಒರೆಸಿದ, ಇನ್ನಷ್ಟು ತಿರುಗಿಸಿದ. ಹೆಂಡತಿಯ ತಮ್ಮ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಅವನು ಹಿಂದೆಯೇ ಕೇಳಿದ್ದ, "ಭಾವ, ಆ ಕ್ಯಾಸೆಟ್ ಒಂದಿನ ಕೊಡಿ, ಕಂಪ್ಯೂಟರ್‌ಗೆ ಹಾಕಿ ಇಟ್ಕೊಳ್ಳೋಣ."

"ನಿನ್ನ ಧೂಳು ತಿಂದ ಮಷಿನ್ ಒಳಗೆ ನನ್ನ ಮಗಳನ್ನ ಹಾಕ್ತೀನಾ? ನಡಿ ನಡಿ," ಎಂದು ಇವನು ಅಟ್ಟಿಬಿಟ್ಟಿದ್ದ. ಹಟ ಅಂದರೆ ಹಟ, ಏನು ಮಾಡುವುದು.

ಆ ಭಾನುವಾರ ಭಾವಮೈದುನ ಊಟಕ್ಕೆ ಬಂದಿದ್ದ. ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಮೆಕ್ಯಾನಿಕ್ ಡೆಕ್ಕಿನ ಮುಚ್ಚಳ ಬಿಚ್ಚಿ ಸ್ಕ್ರೂಡ್ರೈವರ್ ಎತ್ತಿಕೊಂಡ. ತಟ್ಟೆಯಲ್ಲಿದ್ದ ಸ್ಕ್ರೂಗಳು ಅದರ ಮೂತಿಗೆ ಗೊಂಚಲಾಗಿ ಅಂಟಿಕೊಂಡು ಮೇಲೆ ಬಂದವು.

ಭಾವಮೈದುನ ಮುಂದಕ್ಕೆ ಬಾಗಿದ. "ಭಾವ, ಇದಕ್ಕೆ ಮ್ಯಾಗ್ನೆಟ್ ಹಿಡಿಸಿದ್ದೀರಾ?"

"ಮತ್ತೆ? ಸ್ಕ್ರೂ ಹೊಲಿಗೆ ಮಷಿನ್ ಒಳಗೆ ಬಿದ್ರೆ ಯಾವನು ಹುಡುಕ್ತಾನೆ? ಕಾರ್ಖಾನೇಲಿ ಎಲ್ಲರದ್ದೂ ಹೀಗೇ. ಅಯಸ್ಕಾಂತಕ್ಕೆ ಚೆನ್ನಾಗಿ ಉಜ್ಜಿ ಇಟ್ಕೊಳ್ಳೋದು."

"ಹೆಡ್ ಸ್ಕ್ರೂ ತಿರುಗಿಸೋದೂ ಇದರಲ್ಲೇನಾ? ಪ್ರತಿ ವಾರ?"

"ಹೂಂ. ಯಾಕೆ?"

ಭಾವಮೈದುನ ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಇದನ್ನ ಹೆಡ್ ಹತ್ರ ತರಲೇಬಾರದು ಭಾವ. ಹೆಡ್‌ಗೂ ಮ್ಯಾಗ್ನೆಟ್ ಹತ್ತುತ್ತೆ. ಆಮೇಲೆ ಟೇಪ್ ಅದನ್ನ ಸವರಿಕೊಂಡು ಹೋದಾಗೆಲ್ಲ ಒಂದಿಷ್ಟು ದನಿ ಅಳಿಸ್ತಾ ಹೋಗುತ್ತೆ. ಮಂಕಾಗಿರೋದು ಕೊಳೆಯಿಂದ ಅಲ್ಲ."

"ಸರಿ, ಅಳಿಸಿದ್ದನ್ನ ವಾಪಸ್ ತರೋದು ಹೇಗೆ, ಅದು ಹೇಳು."

"ಆಗಲ್ಲ. ಹೆಡ್ ಸರಿಮಾಡಬಹುದು. ಟೇಪಿಂದ ಹೋದದ್ದು ಹೋಯ್ತು." ಅವನು ಎದ್ದು ಚಪ್ಪಲಿ ಹುಡುಕಿದ. "ಅಕ್ಕನಿಗೆ ನೀವೇ ಹೇಳಿ ಭಾವ. ನನ್ನ ಕೈಲಾಗಲ್ಲ."

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಡೆಕ್ಕಿನಿಂದ ದೂರ ಸರಿಸಿಟ್ಟ. ಕಳ್ಳ ಬಂದು ಒಯ್ದಿದ್ದರೆ ಅವನ ವಂಶವನ್ನೆಲ್ಲ ಬೈಯಬಹುದಿತ್ತು. ಇಲ್ಲಿ ಯಾರನ್ನು ಬೈಯುವುದು? ವಾರವಾರ ಶ್ರದ್ಧೆಯಿಂದ ಕೂತು ಮಗಳನ್ನು ಅಳಿಸಿದವನು ತಾನೇ. ಅವನಿಗೆ ಸತ್ತುಹೋಗಬೇಕೆನಿಸಿತು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂತಳು. "ಅವನು ಹೋದನಾ? ಹೇಳದೇ ಕೇಳದೇ? ಇರಲಿ, ಹಾಕ್ರೀ."

"ಒಂದು ವಿಷಯ ಹೇಳಬೇಕು ಕಣೇ," ಎಂದ, ಉಸಿರಿಗಿಂತ ಮೆಲ್ಲಗೆ.

"ನಂದೂ ಒಂದಿದೆ, ಮೊದಲು ನಂದು ಕೇಳಿ. ನನ್ನ ಕಿವಿ ಹೋಗ್ತಾ ಇದೆ ರೀ. ಅವಳ ಮಾತು ಬರೀ ಗುಯ್‌ಗುಯ್ ಅನ್ನುತ್ತೆ. ಟೇಪೇ ಹೋಯ್ತೇನೋ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ? ಆಮೇಲೆ ಯೋಚನೆ ಮಾಡಿದೆ, ನಿಮ್ಮ ಕೈಲಿರೋದು ಹಾಳಾಗುತ್ತಾ? ನನ್ನ ಕಿವಿಯೇ ಅಂತ ಗೊತ್ತಾಯ್ತು. ಹೋದರೆ ಹೋಗಲಿ ಬಿಡಿ. ಅವಳು ಇದ್ದ ಹಾಗೇ ಇದ್ದಾಳಲ್ಲ ಅದರೊಳಗೆ, ನನಗಷ್ಟೇ ಸಾಕು."

ಅಷ್ಟು ಮೆಲ್ಲಗೆ ಆಡಿದ ಮಾತು ಕೇಳಿಸಿಕೊಂಡವಳ ಕಿವಿಗೆ ಏನಾಗಿತ್ತು, ಮಣ್ಣು!

"ನಿಮ್ಮ ವಿಷಯ ಏನು?"

"ಏನಿಲ್ಲ. ಬೆಲ್ಟು ಹೊಸದು ಹಾಕಬೇಕು ಅಂತ."

ಈಗ ಒತ್ತಿದರೆ ಇನ್ನಷ್ಟು ಅಳಿಸುತ್ತದೆ ಎಂದು ಗೊತ್ತಿದ್ದೂ ಒತ್ತಿದ. ಪೆಟ್ಟಿಗೆಯಿಂದ ಗುಯ್ ಎನ್ನುವ ಗೊಣಗು ಹೊರಟಿತು. ಹೆಂಡತಿ ಅವನ ಮಂಡಿಯ ಮೇಲೆ ಕೈಯಿಟ್ಟು, "ನಿಮಗೆ ಕೇಳುತ್ತಲ್ಲ, ಅವಳು ಹೇಳಿದ್ದನ್ನ ನನಗೆ ಹೇಳ್ತಾ ಹೋಗಿ," ಎಂದಳು. ಅವನು ಹೇಳಿದ. ಹಾಲು ಉಕ್ಕಿದ ಸುದ್ದಿ, ಬೆಕ್ಕಿನ ಸುದ್ದಿ, ಮೋಡ ಕವಿದ ವಾತಾವರಣ. ಅವಳು ಕಣ್ಣುಮುಚ್ಚಿ ನಗುತ್ತಿದ್ದಳು.

"ಈಗ ಕೊನೇದು, ಅಪ್ಪನ ಸುದ್ದಿ. ಅದೇನ್ರೀ ಅವಳು ಹೇಳೋದು? ಮೊದಲು ಅದಕ್ಕೇ ಅಷ್ಟು ನಗ್ತಿದ್ದೆ. ಏನು ಮಾಡಿದ್ರೂ ನೆನಪಾಗ್ತಿಲ್ಲ."

ಮೆಕ್ಯಾನಿಕ್ ತಡಕಾಡಿದ. ಅಪ್ಪನ ಸುದ್ದಿ ಎಂದು ಒಂದು ಇತ್ತೇ? ಅಷ್ಟು ವರ್ಷ ಪ್ರತಿ ಭಾನುವಾರ ಈ ಕುರ್ಚಿಯಲ್ಲೇ ಕೂತಿದ್ದ, ಆದರೆ ಮೋಟಾರಿನ ವೇಗ ಸರಿಯಿದೆಯೇ, ಹಿಂದೆ ಉಸ್ ಎನ್ನುವ ಸದ್ದು ಹೆಚ್ಚಾಯಿತೇ ಎಂದು ಕೇಳುತ್ತಿದ್ದ. ತನ್ನ ಬಗ್ಗೆ ಮಗಳು ಏನು ಹೇಳಿದ್ದಳೋ, ಆ ಭೂಪ ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಪೆಟ್ಟಿಗೆ ಗೊಣಗುತ್ತಲೇ ಇತ್ತು.

"ಅಪ್ಪ ಇವತ್ತು ಬೇಗ ಮನೆಗೆ ಬಂದರು ಅಂತ," ಎಂದ.

"ಅಷ್ಟೇನಾ?" ಎಂದಳು ಹೆಂಡತಿ. ಆಮೇಲೆ, "ಹೂಂ, ಅದೇ ಇರಬೇಕು," ಎಂದು ತಲೆಯಾಡಿಸಿದಳು. ಅಂದಿನಿಂದ ಭಾನುವಾರ ಬಂತೆಂದರೆ, ಗೊಣಗು ಅಲ್ಲಿಗೆ ತಲುಪಿದಾಗ ಆ ಮಾತನ್ನು ಅವಳೇ ಬಾಯಿಬಿಟ್ಟು ಹೇಳಿ ನಗುತ್ತಾಳೆ.