ಕಳಿಸಿದವರ ಹೆಸರು

ಕೊಡಲಿಯ ಹಿಡಿಗೆ ಕೆಂಪು ಬಟ್ಟೆ ಸುತ್ತಿ, ಮೊಳೆಗಳ ಜೊತೆ ತಟ್ಟೆಯಲ್ಲಿಟ್ಟು ಗುವೋ ಗಡಿಯಾರ ನೋಡಿಕೊಂಡ. ತೈಪೆಯ ಈ ಅಂತ್ಯಕ್ರಿಯೆಯ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಉಸ್ತುವಾರಿ ಅವನದೇ.

"ನೋಡಮ್ಮಾ, ಹನ್ನೊಂದೂವರೆಗೆ ಪೆಟ್ಟಿಗೆ ಮುಚ್ಚಬೇಕು. ಆಮೇಲೆ ಚಿತಾಗಾರದಲ್ಲಿ ನಮ್ಮ ಸರದಿ ತಪ್ಪಿಹೋಗತ್ತೆ. ನಿಮ್ಮ ಸೋದರಮಾವ ಬರ್ತಾರೋ ಇಲ್ವೋ?"

"ಬರ್ತಾರೆ," ಅಂದಳು ಜಿಂಗ್‌ವೆನ್.

"ಹೇಳಿದಾರಾ?"

"ಏನೂ ಹೇಳಿಲ್ಲ. ಬಿಳಿ ಬಟ್ಟೆ ಇಟ್ಕೊಂಡಿದಾರೆ."

"ಇದೊಳ್ಳೆ ಕತೆ. ಈಗೀಗ ಎಷ್ಟೋ ಮನೆಯವರು ಮೊಳೆ ನಮ್ಮ ಕೈಲೇ ಹೊಡೆಸ್ತಾರೆ. ಯಾರೂ ಏನೂ ಅಂದ್ಕೊಳಲ್ಲ."

ಜಿಂಗ್‌ವೆನ್ ಬಾಗಿಲ ಕಡೆ ನೋಡಿದಳು. ಹೆಣ್ಣಿನ ಶವಪೆಟ್ಟಿಗೆಗೆ ಮೊಳೆ ತವರಿನವರೇ ಹೊಡೆಯಬೇಕು. ಅವರು ಬಂದು ಮುಖ ನೋಡಬೇಕು, ನಮ್ಮ ಮಗಳನ್ನು ಇವರು ಚೆನ್ನಾಗಿ ನೋಡಿಕೊಂಡರು ಎಂದು ಅವರಿಗೆ ಅನ್ನಿಸಬೇಕು, ಆಮೇಲೆ ಮುಚ್ಚಳ. ಅಮ್ಮ ಬೀಯುನ್‌ಗೆ ತವರೆಂದು ಉಳಿದಿದ್ದವನು ಒಬ್ಬನೇ ತಮ್ಮ. ಅವನು ಅವಳೊಡನೆ ಮಾತಾಡಿ ಮೂವತ್ತೆಂಟು ವರ್ಷವಾಗಿತ್ತು. ಅವನ ಮೊಳೆಯಿಲ್ಲದೆ ಅಮ್ಮನನ್ನು ಕಳಿಸಿದರೆ ಆ ಮೌನವೇ ಕೊನೆಯ ಮಾತಾಗಿಬಿಡುತ್ತದೆ ಎಂದು ಜಿಂಗ್‌ವೆನ್‌ಗೆ ಹೆದರಿಕೆ.

ಮೂರನೆಯ ಸಾಲಿನಲ್ಲಿ ಅಮ್ಮನ ಸಹಪಾಠಿಗಳು ಕೂತಿದ್ದರು. ಯಾರಿಗೂ ಇಪ್ಪತ್ತೈದು ದಾಟಿರಲಿಲ್ಲ. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡುತ್ತಿದ್ದ ಆ ಮಕ್ಕಳು ಅರವತ್ತೆರಡರ ಬೀಯುನ್‌ಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ಅಕ್ಕ ಇದ್ದಿದ್ರೆ ಈ ಕುರ್ಚಿ ಸಾಲು ನೋಡಿ ಬೈತಿದ್ರು," ಅಂದ ಒಬ್ಬ ಹುಡುಗ. "ಬರೋ ನಿಯೋಗಕ್ಕೆ ದಾರಿ ಬಿಡ್ರೋ ಮೊದಲು, ಅಂತ."

"ಹಾಗಿದ್ರೆ ಎದ್ದು ಕುರ್ಚಿ ಸರಿಸೋ, ಮಾತಲ್ಲೇ ಕಾಲ ಕಳೀಬೇಡ," ಅಂದಳು ಪಕ್ಕದಲ್ಲಿದ್ದ ಯಿಚೆನ್.

ಹುಡುಗರೆಲ್ಲ ಎದ್ದು, ಬಾಗಿಲಿಂದ ಪೆಟ್ಟಿಗೆಯವರೆಗೆ ನೇರ ದಾರಿ ಬಿಟ್ಟು ಕುರ್ಚಿ ಜೋಡಿಸತೊಡಗಿದರು.

* * *

ಎರಡು ವರ್ಷದ ಹಿಂದೆ, ಎಂ.ಎ.ಗೆ ಅರ್ಜಿ ತುಂಬಿದ ದಿನ, ಅಮ್ಮ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತ ಸುದ್ದಿ ಹೇಳಿದ್ದಳು. ಜಿಂಗ್‌ವೆನ್‌ಗೆ ನಗು ತಡೆಯಲಾಗಿರಲಿಲ್ಲ.

"ಅಮ್ಮಾ, ಆ ಓದು ಮುಗಿಸಿದ ಹುಡುಗರೇ ಕೆಲಸ ಸಿಗದೆ ಅಲೀತಿದಾರೆ. ವಿದೇಶಾಂಗ ಪರೀಕ್ಷೆ ನಾಲ್ಕು ಸಲ ಬರೆದು, ಕೊನೆಗೆ ಯಾವುದೋ ಕಂಪನೀಲಿ ಸೇರ್ಕೋತಾರೆ. ನೀನೇನು ರಾಯಭಾರಿ ಆಗ್ತೀಯಾ?"

"ನನಗೆ ಕೆಲಸ ಯಾವಾಗಲೋ ಸಿಕ್ಕಿದೆ ಕಣೇ. ಓದು ಬಾಕಿ ಇತ್ತು, ಅಷ್ಟೆ."

ವಿದೇಶಾಂಗ ಸಚಿವಾಲಯದ ಟಪಾಲು ವಿಭಾಗದ ಮಾತದು ಎಂದುಕೊಂಡಳು ಮಗಳು. ಮೂವತ್ತು ವರ್ಷ ಅಮ್ಮ ಅಲ್ಲಿ ದೇಶದೇಶಗಳಿಗೆ ಹೋಗುವ ಚೀಲಗಳಿಗೆ ಸೀಲು ಹಾಕಿದವಳು. ಯಾವುದೋ ದೇಶ ತಮ್ಮ ದೇಶದೊಡನೆ ಸಂಬಂಧ ಕಡಿದುಕೊಂಡಿತು ಎಂದು ಟೀವಿಯಲ್ಲಿ ಬಂದ ಮರುದಿನ ಬೆಳಿಗ್ಗೆ ಅವಳು ಹೊಸ ಚೀಟಿ ಕತ್ತರಿಸುತ್ತಿದ್ದಳು. ರಾಯಭಾರ ಕಚೇರಿ ಎಂದಿದ್ದ ಕಡೆ ಬರೀ ಕಾರ್ಯಾಲಯ ಎಂದು ಬರೆಯುತ್ತಿದ್ದಳು. "ಬಾವುಟ ಇಳಿಸ್ತಾರೆ, ಬೋರ್ಡು ತೆಗೀತಾರೆ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದಳು. "ಚೀಲ ಮಾತ್ರ ಅದೇ ಬೀದಿಗೇ ಹೋಗತ್ತೆ."

ಆ ದಿನವೂ ಅವಳು ಕೊಯ್ಯುತ್ತಿದ್ದದ್ದು ಉಪ್ಪುನೀರಿನ ಕೊಳಗಳಲ್ಲಿ ಸಾಕುವ ಹೂಮೀನು. ಪ್ರತಿ ಚಳಿಗಾಲ ದಕ್ಷಿಣದಿಂದ ಮಂಜುಗಡ್ಡೆ ತುಂಬಿದ ಬಿಳಿ ಥರ್ಮಾಕೋಲ್ ಪೆಟ್ಟಿಗೆಯೊಂದು ಮನೆಗೆ ಬರುತ್ತಿತ್ತು. ಕಳಿಸಿದವರ ಹೆಸರಿನ ಜಾಗದಲ್ಲಿ ಬರೀ ಒಂದು ಗೀಟು. ಆಫೀಸಿನವರು ಕೊಡೋದು ಎಂದು ಅಮ್ಮ ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೂ ಪೆಟ್ಟಿಗೆ ಬರುತ್ತಿತ್ತು. ಜಿಂಗ್‌ವೆನ್ ಕೇಳಲು ಹೋಗಿರಲಿಲ್ಲ.

* * *

ಅಮ್ಮ ತೀರಿಕೊಂಡ ದಿನ ಜಿಂಗ್‌ವೆನ್ ಮಾಡಿದ ಮೊದಲ ತಪ್ಪು, ಮಾವ ಕುನ್‌ಷಾನ್‌ಗೆ ಫೋನ್ ಮಾಡಿದ್ದು.

"ತವರಿಗೆ ಸಾವಿನ ಸುದ್ದೀನ ಫೋನಲ್ಲಿ ಹೇಳ್ತಾರಾ?" ಎಂದು ಕೇಳಿದ ಆ ಅಪರಿಚಿತ ದನಿ, ಉತ್ತರಕ್ಕೆ ಕಾಯದೆ ಕಡಿದುಹೋಯಿತು.

ಕಣ್ಣೀರು ಒರೆಸಿಕೊಂಡು ಯಿಚೆನ್ ಅಂದಳು, "ನಿಮ್ಮದೇ ತಪ್ಪು. ಇಂಥ ಪತ್ರಾನ ಕೈಯಲ್ಲೇ ತಲುಪಿಸಬೇಕು. ಮೊದಲನೇ ಸೆಮಿಸ್ಟರ್ ಪಾಠ ಇದು."

"ನಾನು ದಂತವೈದ್ಯೆ ಕಣಮ್ಮಾ. ನನಗೆಲ್ಲಿಂದ ಗೊತ್ತಾಗ್ಬೇಕು?"

"ಅದಕ್ಕೇ ನಾನೂ ಬರ್ತೀನಿ. ಹೇಗಿದ್ರೂ ನನಗೆ ಕೆಲಸ ಇಲ್ಲ."

ನಾಲ್ಕನೆಯ ದಿನ ಇಬ್ಬರೂ ರೈಲು ಹತ್ತಿದರು. ತೈನಾನ್‌ನಲ್ಲಿಳಿದು, ಅಲ್ಲಿಂದ ಮೀನಿನ ಕೊಳಗಳ ನಡುವೆ ಬಸ್ಸು. ಒಂದು ಬಿಳಿ ಬಟ್ಟೆ, ಒಂದು ನೀಲಿ ಬಟ್ಟೆ ಹಿಡಿದು ಜಿಂಗ್‌ವೆನ್ ಮಾವನ ಹೊಸ್ತಿಲ ಹೊರಗೆ ಮಂಡಿಯೂರಿದಳು. ಸಾವನ್ನು ತವರು ಒಪ್ಪಿಕೊಂಡರೆ ಬಿಳಿ ಒಳಗೆ ಹೋಗುತ್ತದೆ, ನೀಲಿ ವಾಪಸು ಬರುತ್ತದೆ.

ಬಾಗಿಲು ತೆರೆದದ್ದು ಅತ್ತೆ. "ಒಳಗೇ ಇದಾರೆ. ಆದರೆ ಹೊರಗೆ ಬರಲ್ಲ," ಅಂದಳು ಮೆಲ್ಲಗೆ. "ಸೈನ್ಯದ ಜೊತೆ ಸಮುದ್ರ ದಾಟಿ ಬಂದ ಹೊರಗಿನವನ ಮಗನ್ನ ಮದುವೆ ಆದ್ಲಲ್ಲ ನಿಮ್ಮಮ್ಮ, ಅವತ್ತು ನಿಮ್ಮ ತಾತ ಅವಳ ಹೆಸರೆತ್ತಬಾರದು ಅಂದ್ರು. ಇವರೂ ಹೂಂ ಅಂದ್ರು. ತಾತ ಹೋದ್ರೂ ಆ ಹೂಂ ಬಿಡ್ಲಿಲ್ಲ ನೋಡು."

ಜಿಂಗ್‌ವೆನ್ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವಳ ಕಣ್ಣು ಅತ್ತೆಯ ಭುಜದಾಚೆ ನೆಟ್ಟಿತ್ತು. ಕಿಟಕಿಯಲ್ಲಿ, ಕಪಾಟಿನ ಮೇಲೆ, ಮಂಚದ ಕೆಳಗೆ, ಎಲ್ಲೆಲ್ಲೂ ಬಿಸ್ಕತ್ತಿನ ಡಬ್ಬಿಗಳು. ತೈಪೆಯಲ್ಲಿ ಅವರ ಮನೆಯ ತಿರುವಿನಲ್ಲಿದ್ದ ಬೇಕರಿಯವು. ಕೆಲವಕ್ಕೆ ಬಣ್ಣ ಹೋಗಿತ್ತು, ಕೆಲವು ತುಕ್ಕು ಹಿಡಿದಿದ್ದವು. ಒಂದರಲ್ಲಿ ಸೂಜಿದಾರ, ಒಂದರಲ್ಲಿ ಗಾಳ, ಒಂದರಲ್ಲಿ ಮಾತ್ರೆ, ಮತ್ತೊಂದರಲ್ಲಿ ಬೀಜ. ಇಡೀ ಮನೆ ಅಮ್ಮನ ಡಬ್ಬಿಗಳಲ್ಲಿ ನಡೆಯುತ್ತಿತ್ತು.

"ಪ್ರತಿ ವರ್ಷ ಹುಣ್ಣಿಮೆ ಹಬ್ಬಕ್ಕೆ ಬರ್ತಿತ್ತು," ಅಂದಳು ಅತ್ತೆ. "ಹೆಸರಿರ್ತಿರಲಿಲ್ಲ. ಯಾರು ಕಳಿಸಿದ್ದು ಅಂತ ಇವರು ಒಂದಿನಾನೂ ಕೇಳಿಲ್ಲ. ಒಂದು ಡಬ್ಬಿ ಬಿಸಾಕೋಕೂ ಬಿಟ್ಟಿಲ್ಲ."

ಮಂಡಿಯೂರಿದ್ದ ಜಿಂಗ್‌ವೆನ್‌ಗೆ ಪ್ರತಿ ಚಳಿಗಾಲದ ಆ ಬಿಳಿ ಪೆಟ್ಟಿಗೆ ನೆನಪಾಯಿತು. ಹೂಮೀನು. ಬಿಸ್ಕತ್ತು. ತಾನು ಶಾಲೆಗೆ ಹೋಗಿ, ಡಾಕ್ಟರಾಗಿ, ಮದುವೆಯಾಗಿ, ಗಂಡನನ್ನು ಬಿಟ್ಟು ಬಂದ ಇಷ್ಟೂ ವರ್ಷ, ಒಂದೇ ಅಡುಗೆಮನೆಯಲ್ಲಿ, ತನ್ನ ಕಣ್ಣೆದುರಿಗೇ, ಒಂದು ಮಾತಾಗಲಿ ಒಂದು ಸಾಲಾಗಲಿ ಇಲ್ಲದೆ ಅಮ್ಮ ಇದನ್ನು ನಡೆಸಿಕೊಂಡು ಬಂದಿದ್ದಳು. ಅವಳ ಜೊತೆಯಲ್ಲೇ ಬದುಕಿ ತಾನು ನೋಡಿದ್ದೇನು?

ಹಿಂದೆ ನಿಂತಿದ್ದ ಯಿಚೆನ್ ಪಿಸುಗುಟ್ಟಿದಳು. "ಮೂರನೇ ಅಧ್ಯಾಯ."

"ಏನು?"

"ಅಕ್ಕನ ಎಂ.ಎ. ಪ್ರಬಂಧದ್ದು. ಒಂದನ್ನೊಂದು ಒಪ್ಪದ ದೇಶಗಳು ದಿನಾ ಹೇಗೆ ಬದುಕ್ತವೆ ಅಂತ. ಇದಕ್ಕೆ ಆಧಾರ ಎಲ್ಲಿ ಅಂತ ಪ್ರೊಫೆಸರ್ ಕೇಳಿದ್ರು. ಮನೇಲಿದೆ ಸಾರ್, ತರೋಕಾಗಲ್ಲ ಅಂದಿದ್ರು ಅಕ್ಕ. ಎಲ್ಲ ನಕ್ಕಿದ್ವಿ."

ಆಗ ಒಳಗಿನ ಕತ್ತಲಿಂದ ಉಪ್ಪುನೀರಿನಲ್ಲಿ ಬಿರಿದ ಕೈಯೊಂದು ಬಂದು, ಬಿಳಿ ಬಟ್ಟೆಯನ್ನು ಮಾತ್ರ ತೆಗೆದುಕೊಂಡು ಹೋಯಿತು.

* * *

ಹನ್ನೊಂದು ಇಪ್ಪತ್ತಾಯಿತು. ಗುವೋ ಕೊಡಲಿಯ ತಟ್ಟೆ ಕೈಗೆತ್ತಿಕೊಂಡ. "ಶುರು ಮಾಡ್ಲಾ ಅಮ್ಮಾ?"

"ಇನ್ನೂ ಹತ್ತು ನಿಮಿಷ ಇದೆ."

ಅಮ್ಮನ ಫೋಟೋದ ಕೆಳಗೆ ಪ್ರಬಂಧದ ಪ್ರತಿ ಇತ್ತು. ಮೌಖಿಕ ಪರೀಕ್ಷೆಗೆ ಇನ್ನು ಹನ್ನೆರಡು ದಿನ ಉಳಿದಿತ್ತು. ಯಿಚೆನ್ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ಎತ್ತಿದಳು.

ಜಿಂಗ್‌ವೆನ್ ಓಡಿ ಬಾಗಿಲ ಹೊರಗೆ ಮಂಡಿಯೂರಿದಳು. ಮೊದಲು ಕಂಡದ್ದು ರಬ್ಬರ್ ಚಪ್ಪಲಿ ಹಾಕಿದ ಎರಡು ಪಾದ.

"ಏಳಮ್ಮಾ," ಅಂದಿತು ಆ ದನಿ. "ಮಂಡಿ ನೋಯತ್ತೆ."

ಕುಳ್ಳಗಿದ್ದ ಮನುಷ್ಯ. ಎದೆಗೆ ಅವುಚಿಕೊಂಡಿದ್ದ ಬಿಳಿ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ, ಹುಡುಗರು ಬಿಟ್ಟಿದ್ದ ದಾರಿಯಲ್ಲಿ ನಡೆದು, ಅದನ್ನು ಫೋಟೋದ ಕೆಳಗಿಟ್ಟ. ಆಮೇಲೆ ಅಕ್ಕನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಗುವೋ ಕೂಡ ಗಡಿಯಾರ ನೋಡಲಿಲ್ಲ.

"ಕೂದಲು ಇಷ್ಟು ಬೆಳ್ಳಗಾಗಿತ್ತಾ?"

"ಹೂಂ ಮಾವ."

"ಮೀನು ತಿಂತಿದ್ಲಾ?"

"ತಲೆ ಅವಳು ತಿಂತಿದ್ಲು. ಹೊಟ್ಟೆಯ ತುಂಡು ನನಗೆ ಹಾಕ್ತಿದ್ಲು."

ಕುನ್‌ಷಾನ್ ತಲೆಯಾಡಿಸಿದ. "ಆಗ ನನಗೆ ಹಾಕ್ತಿದ್ಲು."

ಮುಚ್ಚಳ ಹಾಕಿದ ಮೇಲೆ ಅವನು ಕೊಡಲಿ ತೆಗೆದುಕೊಂಡ. ಮೂಲೆಮೂಲೆಗೆ ಹೋಗಿ, ಮಲಗಿದವರಿಗೆ ಎಚ್ಚರವಾದೀತೆಂಬಂತೆ, ಕೊಡಲಿಯ ಹಿಂಬದಿಯಿಂದ ಒಂದೊಂದೇ ಮೊಳೆ ತಟ್ಟಿದ. ಮೂರನೆಯ ಸಾಲಿನ ಮಕ್ಕಳು, ಯಾರೂ ಹೇಳದೆಯೇ, ಎದ್ದು ನಿಂತಿದ್ದರು.

ಶವಪೆಟ್ಟಿಗೆ ಗಾಡಿಗೆ ಹೋಯಿತು. ಹೂಮಾಲೆಗಳನ್ನು ತೆಗೆಯುತ್ತಿದ್ದ ಗುವೋ, ಕುನ್‌ಷಾನ್ ತಂದಿಟ್ಟದ್ದನ್ನು ನೋಡಿ ಬಾಗಿದ. "ಕೈಯಲ್ಲೇ ತಂದಿದ್ದಕ್ಕೆ ಚೀಟಿ ಯಾಕೆ ಅಂಟಿಸಿದಾರೋ," ಎಂದು ಗೊಣಗಿದ.

ಜಿಂಗ್‌ವೆನ್ ಹತ್ತಿರ ಹೋದಳು. ಮಂಜುಗಡ್ಡೆ ಕರಗಿ, ಮೂಲೆಯಿಂದ ನೀರು ಪ್ರಬಂಧದ ಕಡೆಗೆ ಹರಿಯುತ್ತಿತ್ತು. ಮುಚ್ಚಳದ ಮೇಲೆ ಅದೇ ಹಳೆಯ ಬಗೆಯ ಚೀಟಿ, ಅದೇ ತೈಪೆಯ ವಿಳಾಸ. ಅದರ ಕೆಳಗೆ, ಪ್ರತಿ ವರ್ಷ ಒಂದು ಗೀಟು ಇರುತ್ತಿದ್ದ ಜಾಗದಲ್ಲಿ, ಪೆನ್ನು ಒತ್ತಿ ಹಿಡಿದು ಬರೆದ ದಪ್ಪ ಅಕ್ಷರಗಳಿದ್ದವು: ತಮ್ಮ, ಕುನ್‌ಷಾನ್.