ಮೂಲೆಯಲ್ಲಿ ನಿಂತವನು

"ತಲೆ ಕಡೆ ಎತ್ತಿ, ತಲೆ ಕಡೆ! ಗೋಡೆಗೆ ತಾಗ್ತಿದೆ!" ಗುರುರಾಜ ಕೂಗಿದ.

ದಿಲ್ಲಿಯ ರೋಹಿಣಿ ಬಡಾವಣೆಯ ಆ ಫ್ಲ್ಯಾಟುಗಳ ಮೆಟ್ಟಿಲು ಕಟ್ಟಿದ ಪುಣ್ಯಾತ್ಮನಿಗೆ, ಮನುಷ್ಯ ಒಂದು ದಿನ ಮಲಗಿಕೊಂಡೂ ಇಳಿಯಬೇಕಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಮೂರನೇ ಮಹಡಿಯಿಂದ ಹೊರಟ ಚಟ್ಟ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಮೇಲೆ ಗುರುರಾಜನ ಅಣ್ಣ ಚಂದ್ರಮೋಹನ. ಐವತ್ತೆರಡು ವರ್ಷ, ಸರ್ಕಾರಿ ಪ್ರದರ್ಶನ ವಿಭಾಗದಲ್ಲಿ ಚಿತ್ರಕಾರ. ಎರಡು ಸಾವಿರದ ಆರರ ಜನವರಿಯ ಆ ಕೊರೆಯುವ ಚಳಿಯಲ್ಲಿ ಎರಡು ರಾತ್ರಿ ಟೆರೇಸಿನಲ್ಲಿ ಕೂತು, ನ್ಯುಮೋನಿಯಾ ಆಗಿ ಸತ್ತಿದ್ದ. ಯಾಕೆ ಕೂತಿದ್ದರು ಎಂದು ಕೇಳಿದವರಿಗೆಲ್ಲ ಹೆಂಡತಿ ವೈಜಯಂತಿ, "ಬಿ.ಪಿ. ಇತ್ತು. ಒಳಗೆ ಸೆಕೆ ಅಂತಿದ್ರು" ಎಂದಳು. ದಿಲ್ಲಿಯ ಜನವರಿಯಲ್ಲಿ ಸೆಕೆ! ಯಾರೂ ಮರುಪ್ರಶ್ನೆ ಹಾಕಲಿಲ್ಲ.

"ಕಲಾವಿದರು ಅಂದ್ರೆ ಹಾಗೇ ಬಿಡಿ," ಎಂದ ಆಫೀಸಿನ ಮುರಳೀಧರ, ಒಂದು ಕೈಯಲ್ಲಿ ಬಿದಿರು ಹಿಡಿದು ಇನ್ನೊಂದರಲ್ಲಿ ಯಾರದೋ ಸೈಕಲ್ಲು ಸರಿಸುತ್ತ. ಅವನಿಗೆ ನಿಜ ಗೊತ್ತಿತ್ತು.

ಮೇಲೆ ನಿಂತಿದ್ದ ವೈಜಯಂತಿಯ ಕಣ್ಣು ಚಟ್ಟದ ಮೇಲಿರಲಿಲ್ಲ, ಮಗಳ ಮೇಲಿತ್ತು. ಹತ್ತೊಂಬತ್ತರ ಹರ್ಷಿಣಿ ಒಂದು ಹನಿ ಅತ್ತಿರಲಿಲ್ಲ. ಬೆಳಗಿನಿಂದ ಎಲ್ಲಿ ನಿಂತರೂ ಗೋಡೆಗೆ ಬೆನ್ನು ಒತ್ತಿಕೊಂಡೇ ನಿಲ್ಲುತ್ತಿದ್ದಳು. ಅದು ಅವಳ ಅಪ್ಪನ ಅಭ್ಯಾಸವಾಗಿತ್ತು.

*

ಆರು ವರ್ಷದ ಹಿಂದೆ ಮುರಳೀಧರ ಮನೆಗೆ ಬಂದು, ಕೊಟ್ಟ ಕಾಫಿಯನ್ನೂ ಮುಟ್ಟದೆ ವೈಜಯಂತಿಗೆ ಹೇಳಿದ್ದ:

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಇವರು ಪೋಲಿಯೋ ಹನಿಯ ಚಿತ್ರ ಬರೆದ್ರು. ತಾಯಿ, ಮಗು, ನರ್ಸು, ಎಲ್ಲ ಚೆನ್ನಾಗಿದೆ. ಬಾಗಿಲ ಮೂಲೇಲಿ ಒಬ್ಬ ನಿಂತಿದಾನೆ. ಇವನ್ಯಾರು ಅಂತ ಸಾಹೇಬ್ರು ಕೇಳಿದ್ರು. ಆಮೇಲೆ ಹುಡುಕಿದ್ರೆ ಎಲ್ಲಾ ಚಿತ್ರದಲ್ಲೂ ಅವನೇ! ಗೋಧಿ ಹೊಲದಲ್ಲಿ, ಸ್ಟೇಷನ್‌ನಲ್ಲಿ... ಅದೇ ಮುಖ."

ಊಟಕ್ಕೆ ಕೂತಾಗ ಅವಳು ಗಂಡನನ್ನು ಕೇಳಿದಳು.

"ಬಣ್ಣದಲ್ಲಿ ನಿಲ್ಲಿಸಿದ್ರೆ ಅಲ್ಲೇ ಇರ್ತಾನೆ ಕಣೇ. ಮನೆಗೆ ಬರಲ್ಲ," ಎಂದ ಅವನು, ಅನ್ನಕ್ಕೆ ಸಾರು ಕಲಸುತ್ತ, ತರಕಾರಿ ರೇಟು ಹೇಳುವಷ್ಟು ಸಹಜವಾಗಿ.

ಆಮೇಲೆ ಆಫೀಸಿಗೆ ಫ್ಲೆಕ್ಸ್ ಬಂತು. ಕಂಪ್ಯೂಟರು ಒತ್ತಿದರೆ ಹತ್ತಡಿ ಚಿತ್ರ. ಚಂದ್ರಮೋಹನನಿಗೆ ಕುರ್ಚಿ ಉಳಿಯಿತು, ಕೆಲಸ ಉಳಿಯಲಿಲ್ಲ. ನಿಲ್ಲಿಸಲು ಜಾಗವಿಲ್ಲದ ಮೇಲೆ, ಮೂಲೆಯವನು ಮನೆಗೇ ಬಂದ.

"ವೈಜೂ, ನಂಗೆ ತುಂಬಾ ಭಯ ಆಗತ್ತೆ. ಯಾರಾದ್ರೂ ಡಾಕ್ಟರಿಗೆ ತೋರಿಸು," ಎಂದು ಅವನೇ ಕೇಳಿದ. ಕರೆದುಕೊಂಡೂ ಹೋದಳು. ದೊಡ್ಡಾಸ್ಪತ್ರೆಯ ಮಾನಸಿಕ ವಿಭಾಗದ ಸಾಲಿನಲ್ಲಿ ಅರ್ಧ ಗಂಟೆ ನಿಂತಿದ್ದರು. ಅಷ್ಟರಲ್ಲಿ ಕನ್ನಡ ಸಂಘದ ಪರಿಚಯದ ಹೆಂಗಸೊಬ್ಬಳು ಎದುರಾದಳು.

"ಏನ್ರೀ, ಈ ಕಡೆ?"

"ಇವರ ಬಿ.ಪಿ. ತೋರಿಸೋಕೆ ಬಂದ್ವಿ. ದಾರಿ ತಪ್ತು."

ಹಾಗೆಂದು ಗಂಡನ ತೋಳು ಹಿಡಿದು ವಾಪಸು ಕರೆತಂದಳು. ನಾಳೆ ಮಗಳಿಗೆ ಗಂಡು ಹುಡುಕಬೇಕಲ್ಲ! ದಿಲ್ಲಿಯ ಕನ್ನಡದವರ ನಡುವೆ ಸುದ್ದಿಗೆ ಮೆಟ್ರೋಗಿಂತ ವೇಗ. "ನವರಾತ್ರಿ ಕಳೀಲಿ ರೀ, ಬೇರೆ ಕಡೆ ತೋರಿಸೋಣ," ಎಂದಳು. ಅವನು ಮಗುವಿನ ಹಾಗೆ ತಲೆಯಾಡಿಸಿದ. ಆಮೇಲೆ ಎರಡು ನವರಾತ್ರಿ ಕಳೆದವು.

*

ಗಂಡಸರು ಸ್ಮಶಾನದ ಘಾಟಿಗೆ ಹೋದ ಮೇಲೆ ಗುರುರಾಜನ ಹೆಂಡತಿ ಸುಮಿತ್ರಾ ಮನೆ ತೊಳೆಸಿದಳು. ವೈಜಯಂತಿಯ ಸ್ನಾನವಾಯಿತು. ಹರ್ಷಿಣಿ ಮಾತ್ರ ಬಚ್ಚಲಮನೆಯ ಹೊಸ್ತಿಲಲ್ಲೇ ನಿಂತಳು.

"ಅಮ್ಮಾ, ದರ್ವಾಜಾ ಬಂದ್ ಮಾಡ್ಬೇಡ. ಪ್ಲೀಸ್."

"ಯಾಕೆ?" ವೈಜಯಂತಿಗೆ ಉತ್ತರ ಗೊತ್ತಿತ್ತು.

"ಒಳಗಿದಾನೆ. ಮೇರಾ ನಾಮ್ ಲೇ ರಹಾ ಹೈ, ಅಮ್ಮಾ. ನನ್ನ ಹೆಸರು ಹಿಡಿದು ಕರೀತಿದಾನೆ. ಒಂದು ತಿಂಗಳಿಂದ. ನಿಂಗೆ ಹೇಳೋಣ ಅಂದ್ರೆ, ನೀನು ನಂಗೂ ಬಿ.ಪಿ. ಅಂದುಬಿಡ್ತೀಯ."

"ಅಯ್ಯೋ ರಾಮ! ಹೆಣ ನೋಡಿ ಹೆದರಿದೆ ಕೂಸು," ಎಂದು ಸುಮಿತ್ರಾ ಓಡಿ ಬಂದಳು. "ತಾಳು ಪುಟ್ಟಿ, ರಾಯರ ಮಂತ್ರಾಕ್ಷತೆ ಹಾಕ್ತೀನಿ. ಹದಿಮೂರು ದಿನ ಕಳೀಲಿ ಅಕ್ಕ, ಆಮೇಲೆ ಯಾರಿಗಾದ್ರೂ ತೋರಿಸಿದ್ರಾಯ್ತು."

ವೈಜಯಂತಿ ಮಗಳ ಮಣಿಕಟ್ಟು ಹಿಡಿದಳು. "ಕಳೀಲಿ ಕಳೀಲಿ ಅಂತಲೇ ಅವರನ್ನ ಕಳಕೊಂಡೆ ಸುಮಿತ್ರಾ. ನಡಿಯೇ."

"ಎಲ್ಲಿಗೆ? ಸೂತಕದಲ್ಲಿ? ಚಿತೆ ಇನ್ನೂ ಆರಿಲ್ಲ ಅಕ್ಕ! ಜನ ಏನಂತಾರೆ?"

"ಏನು ಬೇಕಾದ್ರೂ ಅನ್ನಲಿ."

ಕೆಳಗೆ ಅಕ್ಕಪಕ್ಕದ ಹೆಂಗಸರು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದರು. ಸಾವಿಗೆ ಬಂದಿದ್ದ ಸಂಘದ ಹೆಂಗಸರೂ ಇನ್ನೂ ಹೊರಟಿರಲಿಲ್ಲ. ಚಪ್ಪಲಿಯಿಲ್ಲದ, ಒದ್ದೆ ಕೂದಲಿನ ವಿಧವೆ ಮಗಳನ್ನು ಎಳೆದುಕೊಂಡು ಗೇಟಿನ ಕಡೆ ನಡೆದದ್ದನ್ನು ಎಲ್ಲರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಕಹಾಂ ಜಾನಾ ಹೈ, ಮಾತಾಜಿ?" ಎಲ್ಲಿಗೆಂದು ಆಟೋದವನು ಕೇಳಿದ.

"ದಿಮಾಗ್ ಕೇ ಡಾಕ್ಟರ್ ಕೇ ಪಾಸ್, ಭಯ್ಯಾ. ಬೇಟಿ ಕೋ ದಿಖಾನಾ ಹೈ." ಮಗಳನ್ನು ತಲೆಯ ಡಾಕ್ಟರಿಗೆ ತೋರಿಸಬೇಕು ಎಂದ ಅವಳ ದನಿ ಕುರ್ಚಿಗಳವರೆಗೂ ಕೇಳಿಸಿತು. ಬಟಾಣಿ ಸುಲಿಯುತ್ತಿದ್ದ ಕೈಗಳು ನಿಂತವು.

ಹರ್ಷಿಣಿ ಮೊದಲು ಹತ್ತಿದಳು. ಹತ್ತಿ, ಒಂದು ತುದಿಗೆ ಮುದುಡಿಕೊಂಡು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅಮ್ಮನಿಗೆ ಆಚೆ ತುದಿ ತೋರಿಸಿದಳು.

ನಡುವಿನ ಆ ಖಾಲಿ ಜಾಗ ಯಾರಿಗೆಂದು ವೈಜಯಂತಿಗೆ ತಿಳಿಯಿತು. ಒಂದು ಗಳಿಗೆ ಆಟೋದ ಕಂಬಿ ಹಿಡಿದು ಹಾಗೇ ನಿಂತಳು. ಆಮೇಲೆ ಬಗ್ಗಿ ಒಳಗೆ ತೂರಿ, ಮಗಳು ಬಿಟ್ಟಿದ್ದ ಆ ಜಾಗದಲ್ಲೇ ಕೂತಳು.