ಪುಸ್ತಕದಲ್ಲಿದ್ದ ಎರಡು ಯೆಮೆನ್

ದಕ್ಷಿಣ ಯೆಮೆನ್ ತಾನು ಬೇರೆ ದೇಶವೆಂದು ಸಾರಿಕೊಂಡಿದೆ ಎಂದು ಬೆಳಗಿನ ವಾರ್ತೆಯಲ್ಲಿ ಕೇಳಿದ್ದೇ ತಡ, ಉಮಾಶ್ರೀ ರೊಟ್ಟಿ ಬಡಿಯುವುದನ್ನು ಬಿಟ್ಟು, "ಸದ್ಯ, ಬದುಕಿದೆ!" ಎಂದು ಚಪ್ಪಾಳೆ ತಟ್ಟಿ ನಕ್ಕಳು. ಪಕ್ಕದಲ್ಲಿ ಕೂತಿದ್ದ ಅತ್ತೆ ಶಿವಲಿಂಗಮ್ಮನ ಸೆರಗಿನ ಮೇಲೆ ಜೋಳದ ಹಿಟ್ಟು ಉದುರಿತು.

ನಗುವುದಕ್ಕೆ ಕಾರಣವಿತ್ತು. ಪೀಣ್ಯದ ಸ್ವಿಚ್ಚಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಅವಳಿಗೆ ಡಿಗ್ರಿ ಮುಗಿದರೆ ಆಫೀಸಿನ ಕುರ್ಚಿ ಸಿಗುವುದಿತ್ತು. ಅಂಚೆ ಶಿಕ್ಷಣದ ಬಿ.ಎ.ಯಲ್ಲಿ ಉಳಿದದ್ದು ಪಶ್ಚಿಮ ಏಷ್ಯಾದ ರಾಜಕೀಯ ಎಂಬ ಒಂದೇ ಪೇಪರು. ಬರೆಯಲು ಉಳಿದ ಅವಕಾಶವೂ ಇದೊಂದೇ. ಆ ಪೇಪರೋ, ದೇವರಿಗೇ ಪ್ರೀತಿ. ಇರಾನಿನ ಜೊತೆ ಕಾದಾಡುವಾಗ ಇರಾಕಿನ ಬೆನ್ನಿಗೆ ನಿಂತದ್ದು ಕುವೈತ್. ಆಮೇಲೆ ಇರಾಕ್ ನುಗ್ಗಿದ್ದು ಅದೇ ಕುವೈತಿಗೆ. ಯಾರು ಯಾರ ಕಡೆ ಎಂದು ಬಾಯಿಪಾಠ ಮಾಡಿದ್ದೆಲ್ಲ ಮರುದಿನಕ್ಕೆ ತಿರುವುಮುರುವು. ಇನ್ನು ಯೆಮೆನ್. ಹಳೆಯ ಪಠ್ಯಪುಸ್ತಕದಲ್ಲಿ ಅದು ಎರಡು ದೇಶ. ನಿಜದಲ್ಲಿ ನಾಲ್ಕು ವರ್ಷದ ಹಿಂದೆ, ತೊಂಬತ್ತರಲ್ಲೇ ಎರಡೂ ಕೂಡಿ ಒಂದಾಗಿದ್ದವು. ಯಾವುದನ್ನು ಬರೆಯುವುದು? ಭಾನುವಾರದ ತರಗತಿಯಲ್ಲಿ ದ್ಯಾಮಣ್ಣ ಮೇಷ್ಟ್ರು, ಪುಸ್ತಕದಲ್ಲಿದ್ದಂತೆ ಬರೆಯಿರಿ, ತಿದ್ದುವವರ ಹತ್ತಿರವೂ ಅದೇ ಪುಸ್ತಕ ಅಂದಿದ್ದರು. ತಿದ್ದುವವರು ದಿನಪತ್ರಿಕೆ ಓದುವವರಾದರೆ? ಅದಕ್ಕೆ ಮೇಷ್ಟ್ರು ತಲೆ ಕೆರೆದುಕೊಂಡಿದ್ದರು. ಈಗ ನೋಡಿ, ಪರೀಕ್ಷೆಯ ದಿನಕ್ಕೆ ಸರಿಯಾಗಿ ದೇಶವೇ ಪುಸ್ತಕದಂತಾಗಿತ್ತು.

ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದಳು. ಶಿವಲಿಂಗಮ್ಮ ಸೆರಗು ಕೊಡವಿಕೊಳ್ಳಲಿಲ್ಲ. ಅವರ ಹಿರಿಮಗ, ಉಮಾಶ್ರೀಯ ಭಾವ ವೀರೇಶ ಜಗಳವಾಡಿ ಬೇರೆಯಾಗಿ ಚಂದಾಪುರಕ್ಕೆ ಹೋಗಿ ಮೂರು ವರ್ಷವಾಗಿತ್ತು. ಅವನು ಈ ಹೊಸ್ತಿಲು ತುಳಿದಿರಲಿಲ್ಲ.

"ಅಲ್ಲಿ ಮಂದಿ ಸಾಯಾಕತ್ತಾರೇನು?"

"ಹೂಂ ಅತ್ತಿ. ಹದಿನೈದು ದಿನದ ಮ್ಯಾಲಾತು, ತಮ್ಮ ತಮ್ಮೊಳಗ ಬಡಿದಾಡಾಕತ್ತಾರ."

"ಮನಿ ಒಡದದ್ದಕ್ಕ ನಕ್ಕಿಯಲ್ಲವ್ವಾ ನೀನು."

ಉಮಾಶ್ರೀಗೆ ನಾಚಿಕೆಯಾಯಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು.

ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಯೆಮೆನ್ ಬಂದೇ ಬಂತು. ಎರಡು ದೇಶ, ಎರಡು ರಾಜಧಾನಿ ಎಂದು ಬರೆದು ಅಡಿಗೆರೆ ಎಳೆದಳು. ಉಳಿದ ಪ್ರಶ್ನೆಗಳಲ್ಲಿ ಅರ್ಧ ಗೊತ್ತಿರಲಿಲ್ಲ. ಈ ಹತ್ತು ಬಂದರಷ್ಟೇ ಪಾಸು. ಹೊರಗೆ ಸಿಕ್ಕ ಮೇಷ್ಟ್ರು, ತಿದ್ದುವುದಕ್ಕೆ ಇನ್ನೊಂದು ತಿಂಗಳಾಗುತ್ತದೆ, ಅಷ್ಟರಲ್ಲಿ ಅವರು ಮತ್ತೆ ಒಂದಾಗದಿದ್ದರೆ ಸಾಕು ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಒಂದು ತಿಂಗಳು, ಒಂದೇ ತಿಂಗಳು ಅವರು ಹಾಗೇ ಇರಲಿ ಎಂದು ಬಸ್ಸಿನುದ್ದಕ್ಕೂ ಅಂದುಕೊಂಡಳು. ಅಂದುಕೊಂಡಾಗೆಲ್ಲ ಅತ್ತೆಯ ಬೆಳಗಿನ ಮಾತು ನೆನಪಾಯಿತು.

ಸಂಜೆ ಶಿವಲಿಂಗಮ್ಮ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಉಮಾಶ್ರೀಯೂ ಕೈಕಾಲು ತೊಳೆದು ಬಂದು, ತನ್ನ ಲಿಂಗವನ್ನು ಅಂಗೈಯಲ್ಲಿಟ್ಟು, ಪತ್ರೆ ಹಿಡಿದು ಪಕ್ಕದಲ್ಲಿ ಕೂತಳು.

"ಆ ದೇಶದ ಹೆಸರೇನಂದಿ?"

"ಯೆಮೆನ್."

"ಶಿವನೇ, ಆ ಯೆಮೆನ್ನಿನವರನ್ನ ಲಗೂನ ಕೂಡಸಪ್ಪಾ," ಎಂದು ಅತ್ತೆ ಕಣ್ಣು ಮುಚ್ಚಿದರು. ಆಮೇಲೆ ವೀರೇಶನ ಹೆಸರೂ ಮೆಲ್ಲಗೆ ಕೇಳಿಸಿತು.

ಉಮಾಶ್ರೀಯೂ ಏನನ್ನೋ ಬೇಡಿಕೊಳ್ಳಲು ಹೋದಳು. ಲಿಂಗದ ಮೇಲೆ ಇಡಬೇಕಿದ್ದ ಪತ್ರೆ ಅವಳ ಬೆರಳುಗಳ ನಡುವೆಯೇ ಉಳಿಯಿತು.